ಆರೈಕೆ ಭತ್ಯೆಯ ಪಟ್ಟಿಯಲ್ಲಿ ನನ್ನ ತಮ್ಮನಂಥವರೂ ಇರಲಿ

ಸಂಪಾದಕರಿಗೆ,

ಮಾನ್ಯರೇ,

ಅಂಗವಿಕಲರನ್ನು ಮನೆಯಲ್ಲಿ ನೋಡಿಕೊಳ್ಳುವವರಿಗೆ ತಿಂಗಳಿಗೆ 1,000 ರೂಪಾಯಿ ಆರೈಕೆ ಭತ್ಯೆ ಕೊಡುವುದಾಗಿ ರಾಜ್ಯ ಸರ್ಕಾರ 2024-25ರ ಬಜೆಟ್‌ನಲ್ಲಿ ಹೇಳಿತ್ತು. ಹಗಲು ರಾತ್ರಿ ಮನೆಯೊಳಗೆ ನಡೆಯುವ ಈ ದುಡಿಮೆಯನ್ನು ಸರ್ಕಾರ ಕೊನೆಗೂ ದುಡಿಮೆ ಎಂದು ಒಪ್ಪಿತಲ್ಲ ಎಂದು ಆಗ ನನಗೆ ಬಹಳ ಸಂತೋಷವಾಗಿತ್ತು. ಆದರೆ ಭತ್ಯೆ ನಾಲ್ಕು ಕಾಯಿಲೆಗಳ ಹೆಸರಿಗೆ ಸೀಮಿತವಾಯಿತು. ಮಿದುಳಿನ ತೊಂದರೆಯಿಂದ ಕೈಕಾಲು ಸ್ವಾಧೀನದಲ್ಲಿರದ ಸೆರೆಬ್ರಲ್ ಪಾಲ್ಸಿ, ಸ್ನಾಯು ಕ್ಷೀಣಿಸುವ ಮಸ್ಕ್ಯುಲರ್ ಡಿಸ್ಟ್ರೊಫಿ, ಕೈಕಾಲು ನಡುಗಿಸುವ ಪಾರ್ಕಿನ್ಸನ್ ಮತ್ತು ನರಗಳನ್ನು ಬಾಧಿಸುವ ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರ ಆರೈಕೆದಾರರಿಗೆ ಅದು ಸಿಗುತ್ತದೆ. ಬುದ್ಧಿಮಾಂದ್ಯತೆ ಆ ಪಟ್ಟಿಯಲ್ಲಿಲ್ಲ, ಆಟಿಸಂ ಕೂಡ ಇಲ್ಲ. ಈ ಪತ್ರ ಅದರ ಬಗ್ಗೆ.

ನಾನು ಗುಳೇದಗುಡ್ಡದಲ್ಲಿ ಕುಪ್ಪಸದ ಖಣ ನೇಯುವವಳು. ಅಪ್ಪ ಅವ್ವ ತೀರಿಕೊಂಡ ಮೇಲೆ ತಮ್ಮನನ್ನು ನನ್ನ ಗಂಡನ ಮನೆಗೇ ಕರೆತಂದೆ. ನಮ್ಮ ಯಜಮಾನರು ಒಂದು ಮಾತೂ ಎತ್ತಲಿಲ್ಲ. ಅತ್ತೆಯವರು ತಮ್ಮ ಹಾಸಿಗೆ ಸರಿಸಿ ಪಡಸಾಲೆಯಲ್ಲಿ ಅವನಿಗೆ ಜಾಗ ಮಾಡಿಕೊಟ್ಟರು. ಅವನಿಗೀಗ 31 ವರ್ಷ. ಅಂಗವಿಕಲರಿಗೆ ಕೊಡುವ ಯುಡಿಐಡಿ ಗುರುತಿನ ಕಾರ್ಡಿನಲ್ಲಿ ಬೌದ್ಧಿಕ ವೈಕಲ್ಯ, ಅಂದರೆ ಬುದ್ಧಿಮಾಂದ್ಯತೆ, ಶೇ 90 ಎಂದಿದೆ. ಚಿಕ್ಕವನಿದ್ದಾಗ ಕೆಲವು ವರ್ಷ ವಿಶೇಷ ಮಕ್ಕಳ ಶಾಲೆಗೆ ಹೋಗುತ್ತಿದ್ದ. ಹದಿನೆಂಟು ತುಂಬಿದ ಮೇಲೆ ಅವನಿಗೆ ಹೋಗಲು ಜಾಗವೇ ಇಲ್ಲದಂತಾಯಿತು. ಕೈಕಾಲು ಗಟ್ಟಿ ಇವೆ, ಓಡಾಡುತ್ತಾನೆ, ನಗುತ್ತಾನೆ. ಒಂದು ಗಳಿಗೆ ಬಂದು ನೋಡಿ ಹೋಗುವವರಿಗೆ ಇವನಿಗೆ ಮತ್ತೊಬ್ಬರ ಆಸರೆ ಏಕೆ ಬೇಕು ಎಂಬುದು ತಿಳಿಯುವುದಿಲ್ಲ.

ಏಕೆ ಬೇಕು ಎಂಬುದನ್ನು ಹೇಳುತ್ತೇನೆ. ಬ್ರಷ್ ಕೈಗೆ ಕೊಟ್ಟರೆ ಹಲ್ಲಿನಲ್ಲಿ ಕಚ್ಚಿ ಹಿಡಿದು ನಿಲ್ಲುತ್ತಾನೆ. ಅವನ ಕೈಯ ಮೇಲೆ ನನ್ನ ಕೈ ಇಟ್ಟು ಆಡಿಸಬೇಕು. ಕುದಿಯುವ ನೀರಿಗೂ ತಣ್ಣೀರಿಗೂ ವ್ಯತ್ಯಾಸ ತಿಳಿಯದೆ ಕೈ ಹಾಕುತ್ತಾನೆ. ರೊಟ್ಟಿಯನ್ನು ಚೂರು ಮಾಡಿ ಬೇಳೆಯಲ್ಲಿ ನೆನೆಸಿಯೇ ಕೊಡಬೇಕು, ಇಲ್ಲದಿದ್ದರೆ ಅಗಿಯದೆ ನುಂಗಿ ಗಂಟಲಿಗೆ ಸಿಕ್ಕಿಸಿಕೊಳ್ಳುತ್ತಾನೆ. ಪ್ರಾಯದ ಗಂಡಸು ಅವನು, ಸ್ನಾನಕ್ಕೆ ನಮ್ಮ ಯಜಮಾನರೇ ಬೇಕು. ಅವರು ಪವರ್‌ಲೂಮ್ ಕೆಲಸಕ್ಕೆ ನಸುಕಿನಲ್ಲೇ ಹೊರಟ ದಿನ ಅವನ ಸ್ನಾನ ಸಂಜೆಗೆ. ಅವನಿಗೂ ಮಾನ ಇದೆ. ಅದನ್ನು ಅವನು ಬಾಯಿಬಿಟ್ಟು ಹೇಳಲಾರ ಎಂದ ಮಾತ್ರಕ್ಕೆ ನಾವು ಮರೆಯಬಾರದು.

ನಮ್ಮದು ಕುಣಿಮಗ್ಗ. ಕಾಲನ್ನು ಕುಣಿಯೊಳಗೆ ಇಳಿಬಿಟ್ಟು ಕುಳಿತರೆ ಥಟ್ಟನೆ ಏಳಲು ಬರುವುದಿಲ್ಲ. ಅತ್ತೆಯವರು ಕಂಡಿಕೆಗೆ ನೂಲು ಸುತ್ತುತ್ತಿರುವಷ್ಟು ಹೊತ್ತು ರಾಟೆಯ ಸದ್ದು ಕೇಳುತ್ತ ನನ್ನ ತಮ್ಮ ಗೋಡೆಗೆ ಒರಗಿ ಸುಮ್ಮನಿರುತ್ತಾನೆ. ರಾಟೆ ನಿಂತರೆ ಎದ್ದ ಎಂದೇ ಅರ್ಥ. ಬಿಗಿದ ಹಾಸಿನ ಎಳೆಗಳ ಮೇಲೆ ಅಂಗೈ ಆಡಿಸುವುದೆಂದರೆ ಅವನಿಗೆ ಪ್ರೀತಿ. ಎಳೆ ಹರಿದರೆ ಒಂದೊಂದನ್ನೂ ಹುಡುಕಿ ಗಂಟು ಹಾಕಬೇಕು, ಆ ಹೊತ್ತಿಗೆ ಮಜೂರಿ ಇಲ್ಲ. ಎಳೆ ಹರಿದರೆ ಹರಿಯಲಿ, ನನಗೆ ಭಯ ಇರುವುದು ಬಾಗಿಲಿನದು. ಒಮ್ಮೆ ನಾನು ಲಾಳಿ ಬದಲಿಸಿ ತಲೆ ಎತ್ತುವಷ್ಟರಲ್ಲಿ ಹೊರಗೆ ಹೋಗಿ, ನಿಲ್ದಾಣದಲ್ಲಿ ನಿಂತಿದ್ದ ಬಾದಾಮಿ ಬಸ್ ಹತ್ತಿಬಿಟ್ಟಿದ್ದ. ಕೊರಳಿನ ದಾರದಲ್ಲಿ ಕಟ್ಟಿದ್ದ ಫೋನ್ ನಂಬರಿನ ಚೀಟಿ ನೋಡಿ ಕಂಡಕ್ಟರ್ ಕರೆ ಮಾಡಿದರು. ನಾವು ಬಾದಾಮಿಗೆ ಹೋಗುವವರೆಗೂ ಅವರು ತಮ್ಮ ಬುತ್ತಿಯಲ್ಲೇ ಅವನಿಗೆ ಊಟ ಕೊಟ್ಟು ಪಕ್ಕದಲ್ಲಿ ಕೂರಿಸಿಕೊಂಡಿದ್ದರು. ಅವರ ಹೆಸರು ನನಗೆ ಗೊತ್ತಿಲ್ಲ. ಈ ಪತ್ರ ಓದಿದರೆ ನನ್ನ ನಮಸ್ಕಾರ ಅವರಿಗೆ ಮುಟ್ಟಲಿ.

ಇಂಥ ಒಬ್ಬನ ಜೊತೆ ಇಡೀ ದಿನ ಒಬ್ಬರು ಇರಲೇಬೇಕು. ಅವನಿಗೆ ತಿಂಗಳಿಗೆ 2,000 ರೂಪಾಯಿ ಮಾಸಾಶನ ಬರುತ್ತದೆ, ಅದಕ್ಕೆ ನಾವು ಋಣಿಗಳು. ಆದರೆ ಅದು ಅವನ ಊಟ, ಬಟ್ಟೆ, ಮಾತ್ರೆಯ ಹಣ. ಇಂಥವರಿಗಾಗಿ ಇರುವ ನಿರಾಮಯ ಆರೋಗ್ಯ ವಿಮೆ ಮಾಡಿಸಿದ್ದೇವೆ, ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ವೆಚ್ಚಕ್ಕೆ ಒದಗುತ್ತದೆ. ಮಾಡಿಸದೇ ಇರುವವರು ಮಾಡಿಸಿ, ಪ್ರತಿ ವರ್ಷ ನವೀಕರಣ ಮರೆಯಬೇಡಿ. ಅದು ಆಸ್ಪತ್ರೆಯ ಖರ್ಚಿಗೆ. ಬಾಗಿಲು ಕಾಯುವ, ತುತ್ತು ಕೊಡುವ, ರಾತ್ರಿ ಎರಡು ಗಂಟೆಗೆ ಎದ್ದು ಹಾಸಿಗೆ ಬದಲಿಸುವ ಕೆಲಸಕ್ಕೆ ಎಲ್ಲಿಂದಲೂ ಏನೂ ಇಲ್ಲ.

ಆದ್ದರಿಂದಲೇ ಆರೈಕೆ ಭತ್ಯೆಯ ಆಸೆಯಿಂದ ಕಾಗದಗಳನ್ನೆಲ್ಲ ಕಟ್ಟಿಕೊಂಡು, ತಮ್ಮನನ್ನೂ ಕರೆದುಕೊಂಡು ಒಂದು ಕಚೇರಿಗೆ ಹೋದೆ. ಮೇಜಿನ ಆಚೆಗಿದ್ದವರು ಕಾರ್ಡಿನಲ್ಲಿ ಒಂದೇ ಸಾಲು ಓದಿ, 'ಬುದ್ಧಿಮಾಂದ್ಯರಿಗೆ ಬರುವುದಿಲ್ಲಮ್ಮ' ಎಂದರು. ಅವರದೇನೂ ತಪ್ಪಿಲ್ಲ, ಆದೇಶ ಹೇಗಿದೆಯೋ ಹಾಗೆ ಹೇಳಿದರು. ಹೊರಗೆ ಬಂದಾಗ ಅರ್ಜಿ ತುಂಬಿಕೊಡುವ ಒಬ್ಬರು ಹತ್ತಿರ ಬಂದು, ಸೆರೆಬ್ರಲ್ ಪಾಲ್ಸಿ ಎಂದು ಹೊಸ ಪ್ರಮಾಣಪತ್ರ ಮಾಡಿಸಿಕೊಂಡು ಬಂದರೆ ದಾರಿ ಇದೆ, ಯಾರನ್ನು ಕಾಣಬೇಕು ಎಂದು ಹೇಳುತ್ತೇನೆ ಎಂದರು. ನನಗೆ ಕಣ್ಣಲ್ಲಿ ನೀರು ಬಂತು, ಸಿಟ್ಟೂ ಬಂತು. ನನ್ನ ತಮ್ಮ ಏನಾಗಿದ್ದಾನೋ ಅದನ್ನೇ ಹೇಳಿ ನೆರವು ಕೇಳುವ ಹಕ್ಕು ನಮಗಿರಬೇಕು. ಸುಳ್ಳು ಕಾಗದ ಮಾಡಿಸಿದರೆ ನಾಳೆ ವೈದ್ಯರು ಅದನ್ನು ನೋಡಿ ಬೇರೆ ಚಿಕಿತ್ಸೆ ಕೊಟ್ಟಾರು. ಸತ್ಯ ಹೇಳುವವರನ್ನು ಹೊರಗೆ ನಿಲ್ಲಿಸುವ ಪಟ್ಟಿ ಇಂಥ ದಲ್ಲಾಳಿಗಳನ್ನು ಹುಟ್ಟಿಸುತ್ತದೆ ಎಂಬುದನ್ನು ಸರ್ಕಾರ ಯೋಚಿಸಬೇಕು.

ನಮ್ಮ ಹಿಂದಿನ ಓಣಿಯಲ್ಲಿ ಸೆರೆಬ್ರಲ್ ಪಾಲ್ಸಿ ಇರುವ ಹುಡುಗಿಯೊಬ್ಬಳಿದ್ದಾಳೆ. ಅವಳ ತಾಯಿಗೆ ಭತ್ಯೆ ಬರಬೇಕು, ಇನ್ನೂ ಹೆಚ್ಚು ಬರಬೇಕು. ಮಗಳನ್ನು ಎತ್ತಿ ಎತ್ತಿ ಆ ತಾಯಿಯ ಸೊಂಟ ಹೋಗಿದೆ. ಅವರಿಗೆ ಕೊಟ್ಟಿದ್ದೇಕೆ ಎಂದು ನಾನು ಕೇಳುತ್ತಿಲ್ಲ. ಅವಳನ್ನು ಎತ್ತಬೇಕು, ನನ್ನ ತಮ್ಮನನ್ನು ಕಾಯಬೇಕು; ಎರಡಕ್ಕೂ ಒಂದು ಆಳಿನ ಇಡೀ ದಿನ ಬೇಕು ಎಂದಷ್ಟೇ ಹೇಳುತ್ತಿದ್ದೇನೆ.

ಕಾನೂನು ಹೇಳುವುದೂ ಇದನ್ನೇ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರಲ್ಲಿ ಬಂದದ್ದು, 2017ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಅದರ ಪಟ್ಟಿಯಲ್ಲಿ 21 ಬಗೆಯ ವೈಕಲ್ಯಗಳಿವೆ, ಬೌದ್ಧಿಕ ವೈಕಲ್ಯವೂ ಆಟಿಸಂ ಕೂಡ ಅಲ್ಲಿವೆ. ಸೆಕ್ಷನ್ 24 ಆರೈಕೆ ಭತ್ಯೆಯ ಮಾತು ಎತ್ತುತ್ತದೆ. 'ಹೆಚ್ಚಿನ ಬೆಂಬಲ ಬೇಕಾದ' ಅಂಗವಿಕಲರಿಗೆ ಎಂದು ಅಲ್ಲಿದೆಯೇ ಹೊರತು ಇಂಥ ನಾಲ್ಕು ಕಾಯಿಲೆಗಳಿಗೆ ಎಂದಿಲ್ಲ. ಯಾರಿಗೆ ಎಷ್ಟು ಬೆಂಬಲ ಬೇಕು ಎಂಬುದನ್ನು ಅಳೆಯಲು ಸೆಕ್ಷನ್ 38 ಇದೆ. ಶೇ 40 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯವಿರುವ ಯಾರೇ ಆಗಲಿ, ಅಥವಾ ಅವರ ಪರವಾಗಿ ಇನ್ನೊಬ್ಬರಾಗಲಿ ಅರ್ಜಿ ಹಾಕಬಹುದು. ಅದನ್ನು ಮೌಲ್ಯಮಾಪನ ಮಂಡಳಿಗೆ ಕಳಿಸಬೇಕು, ಮಂಡಳಿ ಪರಿಶೀಲಿಸಿ ವರದಿ ಕೊಡಬೇಕು, ಅದರಂತೆ ಬೆಂಬಲ ಒದಗಿಸಬೇಕು. ಎಷ್ಟು ಸರಿಯಾದ ಕ್ರಮ! ನಮ್ಮ ಮನೆಗೆ ಯಾರಾದರೂ ಬಂದು ಒಂದು ಮುಂಜಾನೆ ಕುಳಿತು ನೋಡಿದರೆ ಸಾಕು, ಮತ್ತೆ ನಾನು ಏನನ್ನೂ ವಿವರಿಸಬೇಕಾಗಿಲ್ಲ.

'ಇಷ್ಟು ಕಷ್ಟ ಏಕೆ, ಯಾವುದಾದರೂ ಆಶ್ರಮಕ್ಕೆ ಸೇರಿಸಿಬಿಡಿ' ಎಂದು ಹೇಳಿದವರು ಬಹಳ ಮಂದಿ, ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಾರೆ. ದಿಕ್ಕಿಲ್ಲದವರಿಗೆ ಅಂಥ ಕೇಂದ್ರಗಳು ಬೇಕು, ಅವುಗಳಿಗೆ ಸರ್ಕಾರದ ಅನುದಾನವೂ ಬೇಕು. ಆದರೆ ಅದೇ ಕಾಯ್ದೆಯ ಸೆಕ್ಷನ್ 5, ಅಂಗವಿಕಲರಿಗೆ ಸಮುದಾಯದ ನಡುವೆ ಬದುಕುವ ಹಕ್ಕಿದೆ, ಇಂಥ ಕಡೆಯೇ ಇರಬೇಕೆಂಬ ಬಲವಂತ ಇರಬಾರದು, ಮನೆಯಲ್ಲೇ ಸಿಗುವ ನೆರವೂ ಸಹಾಯಕರೂ ಅವರಿಗೆ ಒದಗಬೇಕು ಎನ್ನುತ್ತದೆ. ಮನೆಯಲ್ಲಿ ಇಟ್ಟುಕೊಂಡವರ ಕೈಗೆ ಏನೂ ಸಿಗದಿದ್ದರೆ ಒಂದಲ್ಲ ಒಂದು ದಿನ ಅವರು ಸೋಲುತ್ತಾರೆ. ಸೋತು ಬಾಗಿಲಿಗೆ ಚಿಲಕ ಹಾಕಿ, ಕಾಲಿಗೆ ಹಗ್ಗ ಕಟ್ಟಿ ದುಡಿಯಲು ಹೋದವರನ್ನು ನಾನು ನೋಡಿದ್ದೇನೆ. ಅವರನ್ನು ಕಟುಕರು ಎನ್ನಲು ನನಗೆ ಬಾಯಿ ಬರುವುದಿಲ್ಲ.

ನೆರೆಯ ಕೇರಳದಲ್ಲಿ ಆಶ್ವಾಸಕಿರಣಂ ಎಂಬ ಯೋಜನೆ ಇದೆ. ಹಾಸಿಗೆ ಹಿಡಿದವರ ಜೊತೆಗೆ ಬುದ್ಧಿಮಾಂದ್ಯರನ್ನು ಪೂರ್ಣ ಹೊತ್ತು ನೋಡಿಕೊಳ್ಳುವವರೂ ಅದರಲ್ಲಿ ಸೇರಿದ್ದಾರೆ. ಅಲ್ಲಿಯ ಮೊತ್ತ ತಿಂಗಳಿಗೆ 600 ರೂಪಾಯಿ, ನಮ್ಮ ರಾಜ್ಯದ ಭತ್ಯೆಗಿಂತ ಕಡಿಮೆ. ಆದರೆ ಯಾರನ್ನು ಸೇರಿಸಬೇಕು ಎಂಬ ವಿಷಯದಲ್ಲಿ ಅವರು ನಮಗಿಂತ ಮುಂದೆ ಯೋಚಿಸಿದ್ದಾರೆ.

ಬೊಕ್ಕಸಕ್ಕೆ ಹೊರೆ ಎಂಬ ಉತ್ತರ ಬರಬಹುದು. ಹಾಗಿದ್ದರೆ ಹಂತ ಹಂತವಾಗಿ ಆಗಲಿ. ತೀವ್ರ ಬುದ್ಧಿಮಾಂದ್ಯರಿಗೆಂದೇ ಹೆಚ್ಚಿನ ಮಾಸಾಶನ ಕೊಡುತ್ತಿರುವುದರಿಂದ ಅವರ ಹೆಸರು, ವಿಳಾಸ, ಖಾತೆ ಎಲ್ಲವೂ ಸರ್ಕಾರದ ಬಳಿ ಈಗಾಗಲೇ ಇವೆ. ಮೊದಲು ಅವರ ಆರೈಕೆದಾರರಿಗೆ ಕೊಡಿ. ಮನೆಯಲ್ಲಿ ಒಬ್ಬರೇ ನೋಡಿಕೊಳ್ಳುವವರಿದ್ದರೆ, ಅವರಿಗೂ ವಯಸ್ಸಾಗಿದ್ದರೆ, ಅಂಥವರಿಂದ ಶುರುವಾಗಲಿ. ನಾನು ಆ ಸಾಲಿನಲ್ಲಿ ಹಿಂದೆ ನಿಲ್ಲಲು ಸಿದ್ಧ.

ಸಾವಿರ ರೂಪಾಯಿಯಿಂದ ಏನಾದೀತು ಎಂದು ಕೇಳುವವರಿಗೆ ಹೇಳುತ್ತೇನೆ: ನಮ್ಮ ಓಣಿಯಲ್ಲಿ ಗಂಡನನ್ನು ಕಳೆದುಕೊಂಡ ಒಬ್ಬ ಚಿಕ್ಕಮ್ಮ ಇದ್ದಾರೆ, ತಮ್ಮನಿಗೆ ಅವರೆಂದರೆ ಸಲುಗೆ. ಅವರಿಗೆ ತಿಂಗಳಿಗೆ ಏನಾದರೂ ಕೊಡುವಂತಾದರೆ ದಿನಕ್ಕೆ ಸ್ವಲ್ಪ ಹೊತ್ತು ಬಂದು ಕೂರುತ್ತಾರೆ. ಆ ಹೊತ್ತಿನಲ್ಲಿ ನಾನು ಬಾಗಿಲ ಕಡೆ ತಿರುಗದೆ ನೇಯುತ್ತೇನೆ. ಒಂದು ಖಣ ಹೆಚ್ಚು ಇಳಿದರೂ ನನ್ನ ಮಜೂರಿ ಹೆಚ್ಚುತ್ತದೆ. ಪುರಸಭೆ, ಗ್ರಾಮ ಪಂಚಾಯಿತಿಗಳಲ್ಲಿ ಅಂಗವಿಕಲರಿಗೆಂದು ಶೇ 5ರ ನಿಧಿ ಮೀಸಲಿಡುತ್ತಾರೆ. ಅದರಲ್ಲೂ ಒಂದು ಪಾಲನ್ನು ಹೀಗೆ ಮನೆಗೆ ಬಂದು ಜೊತೆಗಿರುವವರಿಗೆ ತೆಗೆದಿಡಬಹುದು. ಆ ನಿಧಿಯಿಂದ ತ್ರಿಚಕ್ರ ವಾಹನ ಬೇಕಾದವರಿಗೆ ಅದು ಸಿಗಲೇಬೇಕು, ಆದರೆ ನನ್ನ ತಮ್ಮನಿಗೆ ಬೇಕಾದದ್ದು ಗಾಡಿಯಲ್ಲ, ಜೊತೆಗೊಂದು ಜನ.

ನನ್ನಂತೆ ಅಣ್ಣತಮ್ಮಂದಿರನ್ನು, ಅಕ್ಕತಂಗಿಯರನ್ನು ನೋಡಿಕೊಳ್ಳುತ್ತಿರುವವರಿಗೆ ಒಂದು ಮಾತು. ಹದಿನೆಂಟು ದಾಟಿದ ಬುದ್ಧಿಮಾಂದ್ಯರಿಗೆ ತಂದೆತಾಯಿ ಕೂಡ ತಾವಾಗಿಯೇ ಕಾನೂನಿನ ಪಾಲಕರಾಗುವುದಿಲ್ಲ. ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಕಾಯ್ದೆ 1999ರ ಪ್ರಕಾರ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಕೊಟ್ಟು ಪಾಲಕತ್ವದ ಪ್ರಮಾಣಪತ್ರ ಪಡೆಯಬೇಕು. ಸಂಬಂಧಿಕರೂ ಅರ್ಜಿ ಹಾಕಬಹುದು. ನಾನು ಬಾಗಲಕೋಟೆಯ ನವನಗರಕ್ಕೆ ಓಡಾಡಿ ಅದನ್ನು ಪಡೆದಿದ್ದೇನೆ. ಬ್ಯಾಂಕುಗಳು ಈ ಪ್ರಮಾಣಪತ್ರವನ್ನು ಒಪ್ಪಬೇಕೆಂದು ರಿಸರ್ವ್ ಬ್ಯಾಂಕ್ 2007ರಲ್ಲೇ ಸುತ್ತೋಲೆ ಹೊರಡಿಸಿದೆ. ಕೌಂಟರಿನಲ್ಲಿ ಒಪ್ಪದಿದ್ದರೆ ಸುತ್ತೋಲೆಯ ಪ್ರತಿ ಮುಂದಿಡಿ. ತಂದೆತಾಯಿ ಇರುವಾಗಲೇ ಈ ಕಾಗದಗಳನ್ನೆಲ್ಲ ಮಾಡಿಸಿಟ್ಟುಕೊಳ್ಳುವುದು ಒಳ್ಳೆಯದು.

ಬಾಗಲಕೋಟೆ ಜಿಲ್ಲೆಯ ಶಾಸಕರಲ್ಲಿ ನನ್ನ ವಿನಂತಿ: ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ಸೇರಿದಾಗ ಈ ಪ್ರಶ್ನೆ ಕೇಳಿ. ಪಕ್ಷ ಯಾವುದೇ ಇರಲಿ, ಇಂಥ ಮನೆಗಳು ಎಲ್ಲರ ಕ್ಷೇತ್ರದಲ್ಲೂ ಇವೆ. ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯವರಲ್ಲಿ ಇನ್ನೊಂದು ವಿನಂತಿ ಇದೆ. ಸೆಕ್ಷನ್ 38ರಡಿ ಹೆಚ್ಚಿನ ಬೆಂಬಲ ಕೋರಿ ತಮ್ಮನ ಪರವಾಗಿ ಅರ್ಜಿ ಬರೆದಿಟ್ಟಿದ್ದೇನೆ. ನಮ್ಮ ಜಿಲ್ಲೆಯಲ್ಲಿ ಅದನ್ನು ಯಾವ ಅಧಿಕಾರಿಗೆ, ಯಾವ ನಮೂನೆಯಲ್ಲಿ ಕೊಡಬೇಕು, ಮಂಡಳಿ ಎಂದು ಸೇರುತ್ತದೆ ಎಂಬುದನ್ನು ದಯವಿಟ್ಟು ಇದೇ ಪತ್ರಿಕೆಯಲ್ಲಿ ಪ್ರಕಟಿಸಿ. ಪ್ರಕಟವಾದ ಮರುದಿನವೇ ತಂದುಕೊಡುತ್ತೇನೆ.

ತಮ್ಮ ವಿಶ್ವಾಸಿ,
ಖಣ ನೇಯುವ ಅಕ್ಕ
ಗುಳೇದಗುಡ್ಡ, ಬಾಗಲಕೋಟೆ ಜಿಲ್ಲೆ