ಹೊರಗೆ ಕೂತ ಇಬ್ಬರು ಹುಡುಗರು

ಶಿವಮೊಗ್ಗ

ಚಿ. ಸೌ. ಸುಮಾಳಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು. ಮಳೆ ಹಿಡಿದ ಮೇಲೆ ನಿನ್ನ ದೊಡ್ಡಮ್ಮನ ಮಂಡಿನೋವು ತುಸು ಹೆಚ್ಚಿದೆ ಎನ್ನುವುದನ್ನು ಬಿಟ್ಟರೆ ಇತ್ತ ಎಲ್ಲರೂ ಕ್ಷೇಮ.

ನಿನ್ನ ಪತ್ರ ತಲುಪಿತು. ಹೊಸ ಶಾಲೆಯಲ್ಲಿ ಯಾರೊಂದಿಗೂ ಬೆರೆಯದೆ ಡಬ್ಬಿಯ ಊಟವನ್ನೂ ಒಬ್ಬನೇ ಕೂತು ಮಾಡುತ್ತಿದ್ದ ನಿನ್ನ ಮಗ ಅನಿರುದ್ಧ ಈಗ ತರಗತಿಗೆಲ್ಲ ಪುಂಡನೆಂದು ಹೆಸರಾದ ಹುಡುಗನೊಬ್ಬನ ಬೆನ್ನು ಹತ್ತಿದ್ದಾನೆಂದೂ, ಇಬ್ಬರನ್ನೂ ಬೇರೆ ಕೂರಿಸುವಂತೆ ಶಾಲೆಗೆ ಹೋಗಿ ಹೇಳಲಿದ್ದೀಯೆಂದೂ ಬರೆದಿದ್ದೀಯೆ. ಹೋಗುವ ಮುನ್ನ ಒಂದು ಸಂಜೆ ಬಿಡುವು ಮಾಡಿಕೊಂಡು 'ಸನ್ ಆಫ್ ರಾಂಬೋ' ಎಂಬ ಇಂಗ್ಲಿಷ್ ಚಿತ್ರವನ್ನು ನೋಡು. ಗಾರ್ತ್ ಜೆನ್ನಿಂಗ್ಸ್ ನಿರ್ದೇಶಿಸಿದ ಈ ಚಿತ್ರ 2007ರಲ್ಲಿ ಅಮೆರಿಕದ ಸನ್‌ಡ್ಯಾನ್ಸ್ ಚಿತ್ರೋತ್ಸವದಲ್ಲಿ ಮೊದಲು ತೆರೆ ಕಂಡಿತು. ಹೆಸರಿನ ಇಂಗ್ಲಿಷ್ ಕಾಗುಣಿತದಲ್ಲೇ ಕೊನೆಗೆ ಒಂದಕ್ಷರ ಹೆಚ್ಚಾಗಿದೆ. ಮೇಷ್ಟ್ರಾಗಿದ್ದ ನನ್ನ ಕೈ ತಾನಾಗಿಯೇ ಕೆಂಪು ಪೆನ್ನಿನ ಕಡೆಗೆ ಹೋಗಿತ್ತು.

ಕಥೆ ನಡೆಯುವುದು 1980ರ ದಶಕದ ಆರಂಭದ ಇಂಗ್ಲೆಂಡಿನಲ್ಲಿ. ವಿಲ್ ಎಂಬ ಹುಡುಗನ ಮನೆಯವರು ಪ್ಲಿಮತ್ ಬ್ರೆದ್ರೆನ್ ಎಂಬ ಕಟ್ಟುನಿಟ್ಟಿನ ಕ್ರೈಸ್ತ ಪಂಥಕ್ಕೆ ಸೇರಿದವರಾದ್ದರಿಂದ, ಶಾಲೆಯಲ್ಲಿ ಸಾಕ್ಷ್ಯಚಿತ್ರ ತೋರಿಸುವಾಗಲೂ ಅವನು ಎದ್ದು ಹೊರಗೆ ಕೂರಬೇಕು. ಲೀ ಕಾರ್ಟರ್ ಎಂಬಾತ ತಂಟೆ ಮಾಡಿ ತರಗತಿಯಿಂದ ಹೊರದಬ್ಬಿಸಿಕೊಂಡವನು. ಒಬ್ಬ ಅತಿ ಸಾಧು, ಇನ್ನೊಬ್ಬ ಅತಿ ಕಿಡಿಗೇಡಿ. ಇಬ್ಬರೂ ಸೇರುವುದು ಮುಚ್ಚಿದ ಬಾಗಿಲುಗಳಾಚೆಯ ಅದೇ ಕಾರಿಡಾರಿನಲ್ಲಿ. ಈ ಸ್ನೇಹ ಶುರುವಾಗುವುದು ಮೋಸದಿಂದ ಎನ್ನುವುದನ್ನು ನಾನು ನಿನ್ನಿಂದ ಮುಚ್ಚಿಡುವುದಿಲ್ಲ. ಹೆದರಿಸಿ, ಒಡೆದ ಮೀನಿನ ಬಟ್ಟಲಿನ ತಪ್ಪನ್ನು ತಾನೇ ಹೊತ್ತುಕೊಳ್ಳುವೆನೆಂದು ಹೇಳಿ, ವಿಲ್‌ನ ಕೈಯಲ್ಲಿದ್ದ, ತೀರಿಕೊಂಡ ತಂದೆಯ ಗಡಿಯಾರವನ್ನು ಲೀ ಕಿತ್ತುಕೊಳ್ಳುತ್ತಾನೆ. ಮೇಲಾಗಿ, ತಾನು ತೆಗೆಯಲಿರುವ ಸಿನಿಮಾದಲ್ಲಿ ಬೀಳುವ ಏಳುವ ಕೆಲಸಕ್ಕೆಲ್ಲ ಅವನನ್ನೇ ಒಪ್ಪಿಸುತ್ತಾನೆ. ಆದರೆ ಲೀಯ ಮನೆಯಲ್ಲಿ, ಹಾಲಿವುಡ್ ನಟ ಸ್ಟಲೋನ್ ರಾಂಬೋ ಎಂಬ ಯೋಧನಾಗಿ ನಟಿಸಿದ 1982ರ 'ಫಸ್ಟ್ ಬ್ಲಡ್' ಚಿತ್ರದ ಕಳ್ಳ ಟೇಪೊಂದು ಕಣ್ಣಿಗೆ ಬಿದ್ದದ್ದೇ ತಡ, ಬೈಬಲ್ಲಿನ ಪುಟಗಳ ತುಂಬ ಗುಟ್ಟಾಗಿ ಚಿತ್ರ ಬರೆಯುತ್ತಿದ್ದ ವಿಲ್‌ನ ಕಲ್ಪನೆಗೆ ಕಟ್ಟೆಯೊಡೆಯುತ್ತದೆ, ಮೋಸಕ್ಕೆ ಸಿಕ್ಕವನೇ ಆಟದ ಯಜಮಾನನಾಗುತ್ತಾನೆ.

ನೀನು ಕಣ್ಣಿಟ್ಟು ನೋಡಬೇಕಾದದ್ದು ಲೀಯ ಮನೆಯನ್ನು. ಅದೊಂದು ವೃದ್ಧಾಶ್ರಮ. ತಂದೆತಾಯಿ ಊರಲ್ಲಿಲ್ಲ, ಅಣ್ಣ ಇವನನ್ನು ಆಳಿನಂತೆ ದುಡಿಸಿಕೊಳ್ಳುತ್ತಾನೆ, ಆದರೂ ಅಣ್ಣನ ಬಗ್ಗೆ ಯಾರಾದರೂ ಸೊಲ್ಲೆತ್ತಿದರೆ ಹುಡುಗ ಸಹಿಸಲಾರ. ಶಾಲೆಯ ಹಿರಿಯರಿಗೆ ಅವನ ತಂಟೆ ಕಾಣುತ್ತದೆ, ಮನೆ ಕಾಣುವುದಿಲ್ಲ.

ನಾನೂ ಅಂಥ ಹಿರಿಯನಾಗಿದ್ದೆ ಎಂದು ಒಪ್ಪಿಕೊಳ್ಳಲು ಈ ವಯಸ್ಸಿನಲ್ಲಿ ಸಂಕೋಚವಿಲ್ಲ. ಹೈಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದಾಗ, ಒಬ್ಬ ತಂದೆಯ ಒತ್ತಾಯಕ್ಕೆ ಮಣಿದು, ಸದಾ ಜೊತೆಗಿರುತ್ತಿದ್ದ ಇಬ್ಬರು ಹುಡುಗರನ್ನು ಬೇರೆ ಬೇರೆ ಸೆಕ್ಷನ್ನಿಗೆ ಹಾಕಿಸಿದೆ. ಒಬ್ಬನಿಗೆ ಮಾತು ತೊದಲುತ್ತಿತ್ತು. ಇನ್ನೊಬ್ಬ ಹಾಸ್ಟೆಲ್ಲಿನವನು, ಜಗಳಗಂಟ. ಇಬ್ಬರಿಗೂ ಸೇರಿ ಒಂದೇ ಕಂಪಾಸ್ ಪೆಟ್ಟಿಗೆ. ಆ ದಿನ ತೊದಲುವ ಹುಡುಗ ಪೆಟ್ಟಿಗೆಯನ್ನು ಬೆಂಚಿನ ಮೇಲೆ ತೆರೆದಿಟ್ಟು, ಕೈವಾರವನ್ನು ತಾನಿಟ್ಟುಕೊಂಡು, ಕೋನಮಾಪಕವನ್ನೂ ಮೋಟು ಪೆನ್ಸಿಲನ್ನೂ ಗೆಳೆಯನ ಕಡೆಗೆ ಸರಿಸಿ, ಏನೂ ಹೇಳದೆ ಚೀಲ ಹೆಗಲಿಗೇರಿಸಿಕೊಂಡು ಹೋದ. ಹಾಸ್ಟೆಲ್ಲಿನವನು ದೀಪಾವಳಿ ರಜೆಗೆ ಊರಿಗೆ ಹೋದವನು ಮತ್ತೆ ಶಾಲೆಗೆ ಬರಲಿಲ್ಲ. ಅದಕ್ಕೆ ನಾನೇ ಕಾರಣವೆಂದು ಹೇಳಲಾರೆ, ಅಲ್ಲವೆಂದೂ ಹೇಳಲಾರೆ.

ಹಾಗೆಂದು ಮಕ್ಕಳನ್ನು ಅವರ ಪಾಡಿಗೆ ಬಿಟ್ಟುಬಿಡು ಎಂದು ನಾನು ಬರೆಯುತ್ತಿಲ್ಲ. ಚಿತ್ರದಲ್ಲಿ ಈ ಹುಡುಗರ ಸಾಹಸ ಪ್ರಾಣಕ್ಕೇ ಎರವಾಗುವ ಮಟ್ಟಕ್ಕೆ ಹೋಗುತ್ತದೆ, ಲೀ ಆಸ್ಪತ್ರೆ ಸೇರುತ್ತಾನೆ. ನಿನ್ನಂಥ ತಾಯಿಗೆ ಎದೆ ಝಲ್ಲೆನ್ನದೆ ಇರದು. ಆದರೆ ಅದಕ್ಕೆ ಕಾರಣ ಕೆಟ್ಟ ಸಹವಾಸವೆಂದು ನನಗೆ ತೋರುವುದಿಲ್ಲ. ಆ ಇಡೀ ಬೇಸಿಗೆಯಲ್ಲಿ ಅವರು ಎಲ್ಲಿ ಏನು ಮಾಡುತ್ತಿದ್ದಾರೆಂದು ನೋಡುವ ದೊಡ್ಡವರು ಒಬ್ಬರೂ ಹತ್ತಿರವಿರಲಿಲ್ಲ. ಪಂಥದ ಹಿರಿಯನೊಬ್ಬ ವಿಲ್‌ನ ಮನೆಗೆ ಬಂದು ಬುದ್ಧಿ ಹೇಳುವುದೇನೋ ಹೇಳುತ್ತಾನೆ, ಆದರೆ ಮಗ ಬರೆದ ಚಿತ್ರಗಳನ್ನು ಕೂತು ನೋಡುವವರಿಲ್ಲ. ಕೊನೆಗೆ ತಾಯಿ ಪಂಥವನ್ನೇ ಎದುರುಹಾಕಿಕೊಂಡು ಮಗನ ಪಕ್ಕ ನಿಲ್ಲುವ ಹೊತ್ತಿಗೆ ಬಹಳಷ್ಟು ನಡೆದುಹೋಗಿರುತ್ತದೆ. ನಿನಗೆ ಇನ್ನೂ ಸಮಯವಿದೆ.

ಆದುದರಿಂದ ಈ ವಾರ ಶಾಲೆಗೆ ಹೋಗಬೇಡ. ಭಾನುವಾರ ಆ ಹುಡುಗನನ್ನು ಮನೆಗೆ ಕರೆಸಿ, ಬಿಸಿ ಅಕ್ಕಿರೊಟ್ಟಿ ತಟ್ಟಿ ಬಡಿಸು. ವಿಚಾರಣೆ ಮಾಡುವವಳಂತೆ ಎದುರಿಗೆ ಕೂರದೆ, ಒಲೆಯ ಕಡೆ ಮುಖ ಮಾಡಿಕೊಂಡೇ ಎರಡು ಮಾತಾಡಿಸು. ಮೂರು ಪುಟದ ಪತ್ರದಲ್ಲಿ ಉದ್ದಕ್ಕೂ 'ಆ ಹುಡುಗ' ಎಂದೇ ಬರೆದಿದ್ದೀಯೆ. ಮುಂದಿನ ಪತ್ರದಲ್ಲಿ ಅವನ ಹೆಸರು ಬರೆ.

ಇತಿ ನಿನ್ನ ಹಿತಚಿಂತಕ,
ದೊಡ್ಡಪ್ಪ