ಶಾಪದ ಮಾತಿರಲಿ, ಮರಳಂತೂ ಸುಳ್ಳಲ್ಲ

ಮಕ್ಕಳಿಗೆ ಯಾವುದೇ ಐತಿಹ್ಯವನ್ನು ಹೇಳಿ ಮುಗಿಸಿದರೂ ಅವರಿಂದ ಬರುವ ಮೊದಲ ಪ್ರಶ್ನೆ, "ಇದು ನಿಜವಾಗಿ ನಡೆದದ್ದಾ?" ಎಂಬುದು. "ಹಾಗೆಂದು ಹೇಳುತ್ತಾರೆ" ಎಂದು ನಾವು ಹಿರಿಯರು ಅಲ್ಲಿಗೆ ಮಾತು ಮುಗಿಸಿಬಿಡುತ್ತೇವೆ. ಆ ಪ್ರಶ್ನೆಗೆ ಇದಕ್ಕಿಂತ ಶ್ರದ್ಧೆಯ ಉತ್ತರ ಸಲ್ಲಬೇಕೆಂಬುದು ನನ್ನ ಬಹುದಿನದ ಅನಿಸಿಕೆ. ನನಗೆ ಎಲ್ಲಕ್ಕಿಂತ ಪ್ರಿಯವಾದ ತಲಕಾಡಿನ ಕಥೆಯನ್ನೇ ಹಿಡಿದು ಅಂಥದೊಂದು ಉತ್ತರಕ್ಕೆ ಈ ಬಾರಿ ಪ್ರಯತ್ನಿಸಿದ್ದೇನೆ.

ಕಥೆ ನಮಗೆಲ್ಲ ಗೊತ್ತಿರುವಂಥದ್ದೇ. 1610ರಲ್ಲಿ ಮೈಸೂರಿನ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡ ಮೇಲೆ, ಅಲ್ಲಿದ್ದ ವಿಜಯನಗರದ ಪ್ರತಿನಿಧಿಯ ಮಡದಿ ಅಲಮೇಲಮ್ಮನ ಒಡವೆಗಳಿಗಾಗಿ ಸೈನಿಕರು ಬೆನ್ನಟ್ಟಿ ಬಂದರೆಂದೂ, ಆಕೆ "ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಮೈಸೂರು ದೊರೆಗಳಿಗೆ ಮಕ್ಕಳಾಗದಿರಲಿ" ಎಂದು ಶಪಿಸಿ ಕಾವೇರಿಗೆ ಹಾರಿದಳೆಂದೂ ಹೇಳುತ್ತಾರೆ. ಇದು ನಿಜವೇ ಎಂದು ಒಟ್ಟಾಗಿ ಕೇಳಿದರೆ ಉತ್ತರ ಸಿಕ್ಕುವುದಿಲ್ಲ. ಎಳೆ ಎಳೆಯಾಗಿ ಬಿಡಿಸಿ ಕೇಳಬೇಕು.

ಮರಳು ನಿಜ. ತಲಕಾಡಿನ ದೇವಾಲಯಗಳು ಅದರಲ್ಲಿ ಹೂತುಹೋಗಿದ್ದವು. ಹೊಯ್ಸಳ ದೊರೆ ವಿಷ್ಣುವರ್ಧನ ಕಟ್ಟಿಸಿದ ಕೀರ್ತಿನಾರಾಯಣ ದೇವಾಲಯವನ್ನು ಮರಳು ಅಗೆದೇ ಬಿಡಿಸಬೇಕಾಯಿತು. ಆದರೆ ಕಾವೇರಿ ಅಲ್ಲಿ ತೀವ್ರವಾಗಿ ಬಾಗಿ ಹರಿಯುವುದರಿಂದ ಒಳಬಾಗಿನ ದಂಡೆಯಲ್ಲಿ ಮರಳು ಶೇಖರವಾಗುತ್ತದೆ, ನೀರು ಇಳಿದಾಗ ಆ ಮರಳನ್ನು ಗಾಳಿ ಊರಿನ ಕಡೆಗೆ ಹೊತ್ತು ತರುತ್ತದೆ. 14ನೆಯ ಶತಮಾನದಲ್ಲಿ ಮೇಲ್ಭಾಗದಲ್ಲಿ ನಿರ್ಮಾಣವಾದ ಮಾಧವಮಂತ್ರಿ ಅಣೆಕಟ್ಟೆಯಿಂದ ಹರಿವು ತಗ್ಗಿ ಇನ್ನಷ್ಟು ಮರಳು ಬಯಲಾಯಿತೆಂಬ ವಿದ್ವಾಂಸರ ವಾದವನ್ನು ಒಪ್ಪಿದರೆ, ಶಾಪಕ್ಕೆ ಎಷ್ಟೋ ಮೊದಲೇ ಮರಳು ಹೊರಟಿತ್ತು ಎಂದಾಗುತ್ತದೆ. ಹಾಗಾದರೆ ಜನಮನಸ್ಸು ಕಣ್ಣೆದುರಿನ ಸಂಗತಿಯನ್ನು ಸರಿಯಾಗಿಯೇ ನೆನಪಿಟ್ಟುಕೊಂಡು, ಅದಕ್ಕೆ ಕಾರಣವನ್ನು ಮಾತ್ರ ಬೇರೆಡೆಯಿಂದ ತಂದು ಜೋಡಿಸಿತು. ಸಂತಾನದ ಮಾತೂ ಪೂರ್ತಿ ಹೊಂದುವುದಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ದತ್ತು ತೆಗೆದುಕೊಂಡದ್ದು ನಿಜ, ನಾಲ್ವಡಿಯವರ ನಂತರ ಅವರ ತಮ್ಮನ ಮಗ ಪಟ್ಟಕ್ಕೆ ಬಂದದ್ದೂ ನಿಜ. ಆದರೆ ಆ ನಾಲ್ವಡಿಯವರೇ ಚಾಮರಾಜೇಂದ್ರ ಒಡೆಯರ ಸ್ವಂತ ಮಗ. ಇಷ್ಟಾದರೂ ನನ್ನನ್ನು ತಡೆದು ನಿಲ್ಲಿಸುವ ಸಂಗತಿ ಇನ್ನೊಂದಿದೆ: ಗೆದ್ದವರ ಅರಮನೆಯಲ್ಲಿಯೇ ಅಲಮೇಲಮ್ಮನ ಮೂರ್ತಿಗೆ ಪೂಜೆ ಸಲ್ಲುತ್ತ ಬಂದಿದೆ. ಸೋತ ಹೆಣ್ಣೊಬ್ಬಳಿಗೆ ಅನ್ಯಾಯವಾಯಿತೆಂಬ ಅಳುಕು ಆ ಪೂಜೆಯ ಹಿಂದೆ ಇದೆಯೆಂದೇ ನಾನು ನಂಬಿದ್ದೇನೆ.

ನೆನಪು ಎಷ್ಟು ಹಿಂದಕ್ಕೆ ಹೋಗಬಲ್ಲದು? ಅಮೆರಿಕದ ಆರಿಗನ್ ರಾಜ್ಯದ ಕ್ಲಾಮತ್ ಮೂಲನಿವಾಸಿಗಳು ಪಾತಾಳದ ಒಡೆಯನಿಗೂ ಮೇಲಿನ ಲೋಕದ ಒಡೆಯನಿಗೂ ನಡೆದ ಕಾಳಗದ ಕಥೆಯನ್ನು ಹೇಳುತ್ತಾರೆ. ಉರಿಯುವ ಬಂಡೆಗಳು ಹಾರಾಡಿ, ಕೊನೆಗೆ ಬೆಟ್ಟವೇ ಕುಸಿದು, ಆ ಕುಳಿಯಲ್ಲಿ ನೀರು ತುಂಬಿತಂತೆ. ಇಂದು ಕ್ರೇಟರ್ ಲೇಕ್ ಎಂದು ಕರೆಯುವ ಸರೋವರ ಅದು. ಮಜಾಮಾ ಎಂಬ ಅಗ್ನಿಪರ್ವತ ಸುಮಾರು 7,700 ವರ್ಷಗಳ ಹಿಂದೆ ಸ್ಫೋಟಿಸಿ ತನ್ನೊಳಗೇ ಕುಸಿದುದರಿಂದ ಆ ಸರೋವರ ಉಂಟಾಯಿತೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಅದೇ ರಾಜ್ಯದ ಫೋರ್ಟ್ ರಾಕ್ ಗುಹೆಯಲ್ಲಿ ಆ ಬೂದಿಯ ಪದರದ ಅಡಿಯಲ್ಲಿ ನಾರಿನಿಂದ ಹೆಣೆದ ಪಾದರಕ್ಷೆಗಳು 1938ರಲ್ಲಿ ದೊರೆತಾಗ, ಸ್ಫೋಟಕ್ಕೆ ಮೊದಲೇ ಆ ಸೀಮೆಯಲ್ಲಿ ಮನುಷ್ಯರಿದ್ದರೆಂಬುದು ಖಚಿತವಾಯಿತು. ಕಂಡವರು ಇದ್ದರು, ಕಂಡದ್ದನ್ನು ಹೇಳಿದರು ಎಂದು ನಂಬಲು ನನಗೆ ಕಷ್ಟವಾಗುವುದಿಲ್ಲ.

ಎಲ್ಲ ಐತಿಹ್ಯಗಳ ಬಗ್ಗೆಯೂ ಇಷ್ಟೇ ಧೈರ್ಯದಿಂದ ಹೇಳಲಾರೆ. ಮುನಿಯೊಬ್ಬರು "ಹೊಯ್ ಸಳ" ಎನ್ನಲು ಸಳನು ಹುಲಿಯನ್ನು ಕೊಂದನೆಂಬ ಕಥೆ ನಮ್ಮ ದೇವಾಲಯಗಳ ಶಿಲ್ಪದಲ್ಲಿ ಮತ್ತೆ ಮತ್ತೆ ಕಾಣುತ್ತದೆ. ಶಾಸನಗಳಲ್ಲಿ ಹೊಯ್ಸಳ ವಂಶದ ಹಳೆಯ ಹೆಸರು 'ಪೊಯ್ಸಳ' ಎಂದೇ ಇದೆ, ಹಳಗನ್ನಡದಲ್ಲಿ 'ಪೊಯ್' ಎಂದರೆ ಹೊಡೆ ಎಂದೇ ಅರ್ಥ. ಹೆಸರಿಗೂ ಕಥೆಗೂ ಇಷ್ಟು ಅಚ್ಚುಕಟ್ಟಾದ ಹೊಂದಾಣಿಕೆ ಇರುವುದೇ ನನ್ನ ಸಂದೇಹಕ್ಕೆ ಕಾರಣ: ಹೆಸರನ್ನು ವಿವರಿಸಲು ಕಥೆ ಹುಟ್ಟಿದಂತೆ ತೋರುತ್ತದೆ. ಹುಲಿಯು ಚೋಳರ ಲಾಂಛನವಾಗಿತ್ತು, ಅವರಿಂದ ತಲಕಾಡನ್ನು ಗೆದ್ದು ವಿಷ್ಣುವರ್ಧನನು 'ತಲಕಾಡುಗೊಂಡ' ಎನಿಸಿಕೊಂಡನು. ಕಲ್ಲಿನ ಹುಲಿಯಲ್ಲಿ ಆ ವಿಜಯದ ಹೆಮ್ಮೆಯನ್ನು ಕೆಲವು ಇತಿಹಾಸಕಾರರು ಕಂಡಿದ್ದಾರೆ. ನನಗೂ ಅದು ಒಪ್ಪಿಗೆಯಾಗುತ್ತದೆ.

ಮುಂದಿನ ಸಂಚಿಕೆಗೆ ನಿಮ್ಮ ಮೆಚ್ಚಿನ ಐತಿಹ್ಯಗಳನ್ನು ಬರೆದು ಕಳುಹಿಸಬೇಕೆಂದು ಸದಸ್ಯರೆಲ್ಲರಲ್ಲಿ ಕೋರುತ್ತೇನೆ. ಕೇಳಿದಂತೆಯೇ ಬರೆಯಿರಿ, ತಿದ್ದಬೇಡಿ; ಯಾರ ಬಾಯಿಂದ ಕೇಳಿದಿರಿ, ಕಥೆಯಲ್ಲಿ ಬರುವ ಕೆರೆ, ಗುಡ್ಡ, ಕಲ್ಲು ಯಾವುದು ಎಂಬುದನ್ನು ಮರೆಯದೆ ಸೇರಿಸಿ. ಒಂದೇ ಕಥೆಯನ್ನು ಇಬ್ಬರು ಬೇರೆ ಬೇರೆಯಾಗಿ ಕೇಳಿದ್ದರೆ ಎರಡನ್ನೂ ಅಕ್ಕಪಕ್ಕದಲ್ಲಿ ಪ್ರಕಟಿಸುತ್ತೇವೆ.