ಗೆಳೆಯನಿಗೊಂದು ಪತ್ರ: ಮಗ ನಿಮ್ಮೂರಿಗೆ ಬರುತ್ತಿದ್ದಾನೆ

ಗೆಳೆಯಾ,

ಫೋನಿನಲ್ಲಿ ಹೇಳಿದರೆ ನಗುತ್ತೀಯ ಅಂತ ಬರೆಯುತ್ತಿದ್ದೇನೆ. ನಮ್ಮ ಮಗ ಮುಂದಿನ ತಿಂಗಳು ನಿಮ್ಮ ಭೋಪಾಲಿಗೆ ಬರುತ್ತಿದ್ದಾನೆ. ದೊಡ್ಡ ಕೆರೆಯಲ್ಲಿ ಕ್ಯಾನೋ ರೇಸ್ ಇದೆ, ಹುಟ್ಟು ಹಾಕೋ ಸಪೂರ ದೋಣಿಯದು. ಹೌದು ಮಾರಾಯಾ, ಯಗಚಿ ಹೊಳೆ ನೀರಿಗೆ ಕಾಲು ಇಳಿಬಿಡೋಕೂ ಹೆದರುತ್ತಿದ್ದನಲ್ಲ, ಅವನೇ.

ಬೇಲೂರಿನ ಡ್ಯಾಮ್ ಹಿನ್ನೀರಿನಲ್ಲಿ ಪ್ರವಾಸಿಗರಿಗೆ ಕಯಾಕ್ ಕೊಡುತ್ತಾರಲ್ಲ, ರಜೆಯಲ್ಲಿ ಒಂದು ಸಲ ಸುಮ್ನೆ ಕೂರಿಸಿದ್ದೆ. ಅದರ ಹಿಂದೆಯೇ 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್ ಬಂತು. ಅರ್ಜುನ್ ಸಿಂಗ್, ಸುನಿಲ್ ಸಿಂಗ್ ಜೋಡಿ 1000 ಮೀಟರ್ ಕ್ಯಾನೋದಲ್ಲಿ ಕಂಚು ತಂದಿತು. 1994ರಲ್ಲಿ ಹಿರೋಷಿಮಾದಲ್ಲಿ ಸಿಕ್ಕಿದ್ದು ಬಿಟ್ಟರೆ ಈ ಆಟದಲ್ಲಿ ನಮಗೆ ಅದೇ. ಆ ವಿಡಿಯೊ ಎಷ್ಟು ಸಲ ನೋಡಿದನೋ, ಖಾಲಿಯಾಗಿದ್ದು ನನ್ನ ಡೇಟಾ.

ಕಯಾಕೇ ಸಾಕು ಕಣೋ ಅಂದೆ. ಅದರಲ್ಲಾದರೆ ಕೂತುಕೊಳ್ಳಬಹುದು, ಹುಟ್ಟಿಗೆ ಎರಡೂ ಕಡೆ ಅಲಗು, ಹಿಂದೆ ಚುಕ್ಕಾಣಿ. ಇವನ ಕ್ಯಾನೋದಲ್ಲಿ ಇದ್ಯಾವುದೂ ಇಲ್ಲ. ಒಂದು ಮೊಣಕಾಲು ಊರಬೇಕು, ಇನ್ನೊಂದು ಪಾದ ಮುಂದಕ್ಕೆ. ಹುಟ್ಟು ಹಾಕುವುದು ಒಂದೇ ಪಕ್ಕಕ್ಕೆ. ಬಲಕ್ಕೆ ಹಾಕಿದರೆ ದೋಣಿ ಎಡಕ್ಕೆ ತಿರುಗುತ್ತದೆ. ಪ್ರತಿ ಸಲವೂ ಹುಟ್ಟು ಮೇಲೆತ್ತುವ ಮುಂಚೆ ಕೈ ಸ್ವಲ್ಪ ಹೊರಳಿಸಿ ದಾರಿಗೆ ತರಬೇಕು. ಒಬ್ಬರೇ ಓಡಿಸೋ ರೇಸಿನ ಕ್ಯಾನೋ ಅಂದರೆ ಉದ್ದ 5.2 ಮೀಟರ್, ತೂಕ ಬರೀ 14 ಕೆಜಿ. ಸೀನಿದರೂ ವಾಲುತ್ತದೆ.

ಇವನದು ಅಷ್ಟು ಹಗುರವಲ್ಲ ಬಿಡು. ಮೆಣಸು ಮಾರಿದ ದುಡ್ಡಲ್ಲಿ ತಂದ ಹಳೇ ಫೈಬರ್ ದೋಣಿ, ಎರಡು ಕಡೆ ತೇಪೆ. ಜೀಪಿನ ಮೇಲೆ ಕಟ್ಟಿಕೊಂಡು ಹೊರಟರೆ, 'ಬಾಳೆದಿಂಡು ಎಲ್ಲಿಗೆ ಗೌಡ್ರೇ?' ಅಂತಾರೆ.

ಮೊದಲ ಎರಡು ತಿಂಗಳು ದೋಣಿಯಲ್ಲಿ ಇದ್ದಿದ್ದಕ್ಕಿಂತ ನೀರಲ್ಲಿ ಇದ್ದಿದ್ದೇ ಜಾಸ್ತಿ. ಬೆಳಗ್ಗೆ ಆರಕ್ಕೆ, ಮಂಜು ಇನ್ನೂ ಕರಗಿರುವುದಿಲ್ಲ, ಧೊಪ್ ಅಂತ ಸದ್ದು. ಲೈಫ್ ಜಾಕೆಟ್ ಇದ್ದರೂ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಹರಿಗೋಲಿನಲ್ಲಿ ಬಲೆ ಎತ್ತುತ್ತಿದ್ದ ಅಜ್ಜ ಒಂದು ವಾರ ನೋಡಿ ನೋಡಿ ಕೂಗಿದ: 'ಮಗಾ, ನೀರ್ ನೋಡ್ಬ್ಯಾಡ. ದಡ ನೋಡು.' ಅವತ್ತು ಮೂರೇ ಸಲ ಬಿದ್ದ. ಆಮೇಲೆ ಸಿಕ್ಕ ಕೋಚ್ ಹೇಳಿದ್ದೂ ಅದನ್ನೇ, ಫೀಸು ತಗೊಂಡು.

ಬಲ ಮೊಣಕಾಲಿನ ಚರ್ಮ ಈಗ ಒಂಟೆಯದರ ಹಾಗಾಗಿದೆ. ಹಳೇ ಹಾಸಿಗೆಯ ಫೋಮ್ ಕತ್ತರಿಸಿ ದೋಣಿಯೊಳಗೆ ಅಂಟಿಸಿಕೊಂಡಿದ್ದಾನೆ. ಅವರಮ್ಮ ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿ ಬೈಯುತ್ತಾಳೆ, ಬೆಳಗ್ಗೆ ಎಬ್ಬಿಸುವವಳೂ ಅವಳೇ.

ಹೋದ ವರ್ಷ ಮೊದಲ ರೇಸಿನಲ್ಲಿ ಕೊನೆಯಿಂದ ಎರಡನೆಯವನು. ಬಸ್ಸಿನಲ್ಲಿ ಚನ್ನರಾಯಪಟ್ಟಣದ ತನಕ ಮಾತಿಲ್ಲ. ಟೀ ಕುಡಿಯುವಾಗ, 'ಅಪ್ಪಾ, ಮುನ್ನೂರು ಮೀಟರ್‌ವರೆಗೂ ನಾನೇ ಮುಂದಿದ್ದೆ' ಅಂದ. ರೇಸ್ ಐನೂರರದು! ಈಗ ಮೊದಲರ್ಧದಲ್ಲಿ ತನ್ನನ್ನೇ ಹಿಡಿದಿಟ್ಟುಕೊಳ್ಳೋದು ಕಲಿಯುತ್ತಿದ್ದಾನೆ. ಈ ವರ್ಷ ಆಯ್ಕೆಯೂ ಆದ. ಒಂದು ಕಚೇರಿಗೆ ಪ್ರಯಾಣದ ಖರ್ಚಿಗೆ ಅರ್ಜಿ ಕೊಟ್ಟೆ. 'ಬೋಟಿಂಗ್ ಟೂರ್' ಅಂತ ಬರೆದು ವಾಪಸ್ ಕೊಟ್ಟರು.

ನಿನಗೆ ರಾಗಿ ಹಿಟ್ಟು, ಕಾಫಿಪುಡಿ ಕಳಿಸುತ್ತೇನೆ. ರೇಸಿನ ಹಿಂದಿನ ರಾತ್ರಿ ಮಾತ್ರ ಅವನಿಗೆ ಮುದ್ದೆ ಬಡಿಸಬೇಡ, ಅತಿಯಾಗಿ ತಿಂದುಬಿಡುತ್ತಾನೆ. ಇನ್ನೊಂದು, ಅವನಿಗೆ ಹಿಂದಿ ಬರಲ್ಲ. ಸ್ಟೇಷನ್ನಿಗೆ ನೀನೇ ಬಾ.

ನಿನ್ನ ಹಾಸನದ ಗೆಳೆಯ